ವೀಡಿಯೋ ಚಿತ್ರವನ್ನು ತಟ್ಟೆಗೆ ಇಳಿಸುವಾಗ ಅದರ ಕಾಂತಿಯನ್ನು ಕಾಯ್ದುಕೊಳ್ಳುವ ಬಗೆ

ನಮ್ಮ ಬೀದರ ಸೀಮೆಯಲ್ಲಿ, ಠಾಣಾ ಕುಶನೂರಿನಿಂದ ಔರಾದ ಭಾಲ್ಕಿಗಳ ವರೆಗೂ, ಅನೇಕ ಮನೆಗಳ ಟ್ರಂಕಿನ ತಳದಲ್ಲಿ ಒಂದೆರಡು ಕರಿಯ ವೀಡಿಯೋ ಕ್ಯಾಸೆಟ್ಟುಗಳೂ ಅಲಮಾರಿನ ಮೂಲೆಯಲ್ಲಿ ಕೆಲವು ಹೊಳೆಯುವ ತಟ್ಟೆಗಳೂ ಸಿಕ್ಕುವವು. ಅವುಗಳಲ್ಲಿ ಮಕ್ಕಳ ಲಗ್ನವಿರುವದು, ಶಾಲೆಯ ವಾರ್ಷಿಕೋತ್ಸವವಿರುವದು, ವಯಸ್ಸಾಗಿ ಕೆಲಸದಿಂದ ನಿವೃತ್ತರಾದ ಗುರುಮಾತೆಯೊಬ್ಬರನ್ನು ಬೀಳ್ಕೊಟ್ಟ ಸಭೆಯಿರುವದು. ಆ ಚಿತ್ರಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ನಗುತ್ತಿರುವ ಹಿರಿಯರಲ್ಲಿ ಹಲವರು ಈಗ ನಮ್ಮ ನಡುವೆ ಇಲ್ಲ. ಫೋಟೋದಲ್ಲಿ ಅವರ ಮುಖ ಮಾತ್ರ ಉಳಿಯಿತು. ನಡಿಗೆಯೂ ಧ್ವನಿಯೂ ಮಾತಿನ ನಡುವೆ ಕನ್ನಡಕವನ್ನು ಸರಿಪಡಿಸಿಕೊಳ್ಳುವ ವಾಡಿಕೆಯೂ ಉಳಿದಿದ್ದರೆ ಈ ಕ್ಯಾಸೆಟ್ಟು ತಟ್ಟೆಗಳಲ್ಲಿಯೇ. ಆದಕಾರಣ ಈ ಕೆಳಗೆ ಬರೆಯುವ ವಿಷಯವು ಯಂತ್ರದ ಮಾತಿನಂತೆ ತೋರಿದರೂ, ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇವೆ.

ಅನೇಕರು ಕೇಳುವ ಪ್ರಶ್ನೆ ಒಂದೇ. ಕ್ಯಾಮರಾದಲ್ಲಿ ನೋಡುವಾಗ ನಿಚ್ಚಳವಾಗಿದ್ದ ಚಿತ್ರವು ಸ್ಟುಡಿಯೋದಲ್ಲಿ ಮಿಕ್ಸಿಂಗಾಗಿ ತಟ್ಟೆಗೆ ಇಳಿದು ಮನೆಗೆ ಬಂದಾಗ ಯಾಕೆ ಮಸುಕಾಯಿತು? ಮುಖಗಳ ಮೇಲೆ ಚೌಕ ಚೌಕದ ಕಲೆಗಳು ಯಾಕೆ ಎದ್ದವು? ಇದಕ್ಕೆ ಸಾಮಾನ್ಯವಾಗಿ ಸಿಕ್ಕುವ ಉತ್ತರವು, "ತಟ್ಟೆ ಹಲಕಾ ಇತ್ತು" ಎಂಬುದು. ಈ ಉತ್ತರವು ಬಹುಮಟ್ಟಿಗೆ ತಪ್ಪು. ತಟ್ಟೆಯೆಂಬುದು ಅಂಕಿಗಳನ್ನು ಬರೆದಿಡುವ ಖಾತೆಪುಸ್ತಕದಂಥದು. ಅಗ್ಗದ ಕಾಗದದ ಮೇಲೆ ಬರೆದರೆ ಇಪ್ಪತ್ತೈದು ರೂಪಾಯಿಯು ಇಪ್ಪತ್ತನಾಲ್ಕು ಆಗುವದಿಲ್ಲ. ಕಾಗದ ಹರಿದರೆ ಓದಲು ಬರುವದಿಲ್ಲ, ಅಷ್ಟೇ. ಹಾಗೆಯೇ ತಟ್ಟೆ ಕೆಟ್ಟರೆ ಚಿತ್ರವು ತಡೆತಡೆದು ನಿಲ್ಲುವದು, ಇಲ್ಲವೆ ಯಂತ್ರವು ಅದನ್ನು ಓದಲಾರದೆ ಹೊರಗೆ ದೂಡುವದು. ಆದರೆ ಇಡೀ ಚಿತ್ರವು ಮೊದಲಿನಿಂದ ಕಡೆಯ ವರೆಗೆ ಒಂದೇ ಸಮನೆ ಮಂಕಾಗಿದ್ದರೆ, ಅದು ತಟ್ಟೆಗೆ ಬರುವ ಮೊದಲೇ ಮಂಕಾಗಿತ್ತೆಂದು ತಿಳಿಯತಕ್ಕದ್ದು. ಕ್ಯಾಮರಾಕ್ಕೂ ತಟ್ಟೆಗೂ ನಡುವೆ ಎಷ್ಟು ಸಾರಿ ಚಿತ್ರವನ್ನು ಅದುಮಿದರು, ಎಷ್ಟು ಬಿಗಿಯಾಗಿ ಅದುಮಿದರು ಎಂಬುದರಲ್ಲಿಯೇ ಎಲ್ಲವೂ ಇದೆ.

ಈ ಅದುಮುವಿಕೆಗೆ ಸ್ಟುಡಿಯೋದವರು ಕಂಪ್ರೆಶನ್ನು ಎನ್ನುವರು. ನಾವು ಅಡಕ ಎನ್ನೋಣ. ಅಡಕದ ಅಗತ್ಯವೇನೆಂಬುದು ಲೆಕ್ಕದಿಂದ ತಿಳಿಯುವದು. ನಮ್ಮ ದೇಶದ ಟೆಲಿವಿಜನ್ ಪದ್ಧತಿಯ ಡಿ.ವಿ.ಡಿ.ಯಲ್ಲಿ ಒಂದೊಂದು ಚಿತ್ರವೂ ಅಡ್ಡಕ್ಕೆ ೭೨೦, ಉದ್ದಕ್ಕೆ ೫೭೬ ಚುಕ್ಕಿಗಳಿಂದ, ಅಂದರೆ ೪,೧೪,೭೨೦ ಚುಕ್ಕಿಗಳಿಂದ ಆಗಿರುವದು. ಇಂಥ ಚಿತ್ರಗಳು ಸೆಕೆಂಡಿಗೆ ೨೫ ಓಡುವವು. ಬಣ್ಣದ ವಿವರವನ್ನು ಆ ಪದ್ಧತಿಯ ನಿಯಮದಂತೆ ಕಡಿಮೆ ಮಾಡಿಕೊಂಡ ಮೇಲೂ, ಒಂದು ಸೆಕೆಂಡಿನ ಚಿತ್ರಕ್ಕೆ ಸುಮಾರು ೧೨ ಕೋಟಿ ೪೪ ಲಕ್ಷ ಬಿಟ್ಟುಗಳು ಬೇಕು. (ಬಿಟ್ಟೆಂದರೆ ಸೊನ್ನೆಯೋ ಒಂದೋ ಆದ ಒಂದು ಗುರುತು, ಎಂಟು ಬಿಟ್ಟು ಸೇರಿ ಒಂದು ಬೈಟು.) ಆದರೆ ಡಿ.ವಿ.ಡಿ.ಯ ನಿಯಮವು ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ ೯೮ ಲಕ್ಷ ಬಿಟ್ಟುಗಳನ್ನು ಮಾತ್ರ ಕೊಡುವದು. ಉಳಿದುದನ್ನು ಹೇಗಾದರೂ ಮಾಡಿ ಬಿಡಲೇಬೇಕು. ಹೀಗೆ ಜಾಣತನದಿಂದ ಬಿಡುವ ವಿದ್ಯೆಗೆ ಎಂಪೆಗ್-೨ ಎಂದು ಹೆಸರು.

ಅದು ಕೆಲಸ ಮಾಡುವ ರೀತಿಯನ್ನು ಮನೆಯ ದೃಷ್ಟಾಂತದಿಂದ ಹೇಳಬಹುದು. ಗುರುಮಾತೆಯವರು ವೇದಿಕೆಯ ಮೇಲೆ ನಿಂತು ಭಾಷಣ ಮಾಡುತ್ತಿದ್ದಾರೆನ್ನಿರಿ. ಹಿಂದಿನ ಪರದೆ, ಮೇಜು, ಹೂವಿನ ಕುಂಡ ಇವು ಯಾವವೂ ಅಲುಗುವದಿಲ್ಲ. ತುಟಿಗಳೂ ಕೈಗಳೂ ಮಾತ್ರ ಅಲುಗುವವು. ಆದುದರಿಂದ ಯಂತ್ರವು ಸುಮಾರು ಅರ್ಧ ಸೆಕೆಂಡಿಗೊಮ್ಮೆ ಇಡೀ ಚಿತ್ರವನ್ನು ಬರೆದುಕೊಂಡು, ನಡುವಿನವುಗಳಲ್ಲಿ ಏನು ಬದಲಾಯಿತೋ ಅದನ್ನಷ್ಟೇ ಬರೆಯುವದು. ಇಂಥ ದೃಶ್ಯಕ್ಕೆ ಕೊಂಚ ಬಿಟ್ಟುಗಳೇ ಸಾಕು. ಆದರೆ ಮರುಕ್ಷಣದಲ್ಲಿ ಎಂಬತ್ತು ಹುಡುಗಿಯರು ಮೈದಾನಕ್ಕೆ ಬಂದು ಲೇಜೀಮು ಆಡತೊಡಗಿದರೆ, ಧೂಳು ಎದ್ದರೆ, ಲಂಗಗಳು ತಿರುಗಿದರೆ, ಚಿತ್ರದ ಪ್ರತಿ ಮೂಲೆಯೂ ಪ್ರತಿ ಕ್ಷಣವೂ ಬದಲಾಗುವದು. ಲಗ್ನದಲ್ಲಿ ಅಕ್ಷತೆ ಬೀಳುವ ಕ್ಷಣವೂ ಹೀಗೆಯೇ. ಸಾವಿರಾರು ಕಾಳುಗಳು ಒಮ್ಮೆಲೇ ಗಾಳಿಯಲ್ಲಿ! ಆಗ ಬಿಟ್ಟುಗಳು ಸಾಲದೆ, ಯಂತ್ರವು ಎಂಟೆಂಟು ಚುಕ್ಕಿಗಳ ಚೌಕಗಳಾಗಿ ಚಿತ್ರವನ್ನು ಒರಟಾಗಿ ಬರೆದುಬಿಡುವದು. ತಾಯಂದಿರು "ಅಕ್ಷತೆಯ ಹೊತ್ತಿಗೇ ಸಿ.ಡಿ. ಕೆಟ್ಟಿತು" ಎಂದು ಹೇಳುವದು ಕಾಕತಾಳೀಯವಲ್ಲ. ಎಲ್ಲಕ್ಕಿಂತ ಬೇಕಾದ ಕ್ಷಣವೇ ಎಲ್ಲಕ್ಕಿಂತ ಹೆಚ್ಚು ಬಿಟ್ಟುಗಳನ್ನು ಬೇಡುವದು.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆವು. ಮಿಕ್ಸಿಂಗಿನಲ್ಲಿ ಹೃದಯದ ಆಕಾರಗಳು ಹಾರುವದು, ಗುಲಾಬಿಯ ಎಸಳುಗಳು ಉದುರುವದು, ವಧೂವರರ ಮುಖಗಳು ಬುಗುರಿಯಂತೆ ತಿರುಗುವದು, ಇವೆಲ್ಲವನ್ನೂ ಸೇರಿಸುವ ವಾಡಿಕೆಯುಂಟು. ಅಂದ ಚಂದದ ಚರ್ಚೆ ಹಾಗಿರಲಿ. ಉದುರುವ ಒಂದೊಂದು ಎಸಳೂ ಬಿಟ್ಟುಗಳನ್ನು ತಿನ್ನುವದು, ಮತ್ತು ಆ ಬಿಟ್ಟುಗಳು ಹಿಂದೆ ಕುಳಿತ ಅಜ್ಜಿಯ ಮುಖದಿಂದ ಕಿತ್ತುಕೊಂಡವುಗಳೇ.

ಇನ್ನು ತಟ್ಟೆಯ ಅಳತೆ. ಸಾಮಾನ್ಯ ಡಿ.ವಿ.ಡಿ.ಯ ಮೇಲೆ ೪.೭ ಗಿಗಾಬೈಟು ಎಂದು ಬರೆದಿರುವದು. ಕಂಪ್ಯೂಟರು ಸಾವಿರದ ಬದಲು ೧,೦೨೪ರಿಂದ ಎಣಿಸುವದರಿಂದ ಅದನ್ನೇ ೪.೩೭ ಎಂದು ತೋರಿಸುವದು. ಅಂಗಡಿಯವನು ಮೋಸ ಮಾಡಿದನೆಂದು ತಿಳಿಯಬಾರದು. ೪.೭ ಗಿಗಾಬೈಟೆಂದರೆ ೩,೭೬೦ ಕೋಟಿ ಬಿಟ್ಟು. ಇದನ್ನು ಕಾರ್ಯಕ್ರಮದ ಸೆಕೆಂಡುಗಳಿಂದ ಭಾಗಿಸಿದರೆ ಪ್ರತಿ ಸೆಕೆಂಡಿಗೆ ಸಿಕ್ಕುವ ಪಾಲು ತಿಳಿಯುವದು. ಏಳನೆಯ ಇಯತ್ತೆಯ ಹುಡುಗಿಯೂ ಮಾಡಬಲ್ಲ ಲೆಕ್ಕವಿದು. ಎರಡು ತಾಸಿನ ಕಾರ್ಯಕ್ರಮಕ್ಕೆ ೭,೨೦೦ ಸೆಕೆಂಡು. ಪಾಲು ಸುಮಾರು ೫೨ ಲಕ್ಷ. ಅದರಲ್ಲಿ ಧ್ವನಿಗೆಂದು ೨ ಲಕ್ಷ ೨೪ ಸಾವಿರವನ್ನೂ, ತಟ್ಟೆಯ ಅನುಕ್ರಮಣಿಕೆ ಮೊದಲಾದವುಗಳಿಗೆ ಸ್ವಲ್ಪವನ್ನೂ ತೆಗೆದರೆ ಚಿತ್ರಕ್ಕೆ ಉಳಿಯುವದು ಸುಮಾರು ೪೮ ಲಕ್ಷ. ಇದು ಸಾಧಾರಣವಾಗಿ ಚೆನ್ನಾಗಿರುವದು. ಮೂರು ತಾಸನ್ನು ಅದೇ ತಟ್ಟೆಯಲ್ಲಿ ತುರುಕಿದರೆ ಪಾಲು ೩೫ ಲಕ್ಷಕ್ಕಿಳಿದು, ಖರ್ಚು ಹೋಗಿ ೩೧ ಲಕ್ಷದ ಸುಮಾರು ಉಳಿಯುವದು. ಭಾಷಣಕ್ಕೆ ಸಾಕು, ಲೇಜೀಮಿಗೆ ಸಾಲದು. ಒಂದೇ ತಾಸಾದರೆ ಲೆಕ್ಕವು ೧೦೪ ಲಕ್ಷವೆಂದು ಬಂದರೂ ನಿಯಮದ ಮಿತಿಯನ್ನು ಮೀರಲಾಗದು. ಮಿತಿಯ ತುದಿಗೆ ಹೋದರೆ ಕೆಲವು ಹಳೆಯ ಯಂತ್ರಗಳು ತಡವರಿಸುವದರಿಂದ ೮೦ ಲಕ್ಷಕ್ಕೆ ನಿಲ್ಲಿಸುವದು ಲೇಸು.

ಹೀಗಿರುವದರಿಂದ, ಮೂರು ತಾಸಿನ ಸಮಾರಂಭವನ್ನು ಒಂದೇ ತಟ್ಟೆಯಲ್ಲಿ ಕೊಡಿರೆಂದು ಹಟ ಹಿಡಿಯುವ ಗಿರಾಕಿಯು ತನ್ನ ನೆನಪಿಗೆ ತಾನೇ ಕತ್ತರಿ ಹಾಕಿಕೊಳ್ಳುವನು. ಎರಡು ತಟ್ಟೆ ಮಾಡಿಸಿರಿ, ಅಥವಾ ೮.೫ ಗಿಗಾಬೈಟಿನ ಎರಡು ಪದರದ ತಟ್ಟೆಯನ್ನು ಕೇಳಿರಿ. ಇನ್ನೂ ಉತ್ತಮವಾದುದು ಕಾರ್ಯಕ್ರಮವನ್ನೇ ಸರಿಯಾಗಿ ಕತ್ತರಿಸುವದು. ಅತಿಥಿಗಳು ಒಬ್ಬೊಬ್ಬರಾಗಿ ಕೈತೊಳೆಯುವ ನಲವತ್ತು ನಿಮಿಷಗಳನ್ನು ಯಾರೂ ಎರಡನೆಯ ಸಾರಿ ನೋಡಿದ್ದಿಲ್ಲ. ಬಿಟ್ಟುಗಳನ್ನು ಹಂಚುವ ಕೆಲಸದಲ್ಲಿಯೂ ಎರಡು ಬಗೆಯುಂಟು. ಪ್ರತಿ ಸೆಕೆಂಡಿಗೂ ಸಮನಾಗಿ ಹಂಚುವದು ಒಂದು. ಮೊದಲು ಇಡೀ ಚಿತ್ರವನ್ನು ಒಮ್ಮೆ ಪರೀಕ್ಷಿಸಿ, ಎರಡನೆಯ ಸಾರಿ ಭಾಷಣದಿಂದ ಉಳಿಸಿ ಅಕ್ಷತೆಗೆ ಬಡಿಸುವದು ಇನ್ನೊಂದು. ಎರಡನೆಯದಕ್ಕೆ ಹೊತ್ತು ಇಮ್ಮಡಿಯಾಗುವದು. ಆದರೂ ಎರಡು ತಾಸಿನ ತಟ್ಟೆಗೆ ಅದನ್ನೇ ಮಾಡಿಸತಕ್ಕದ್ದು.

ಈಗ ಮುಖ್ಯ ವಿಷಯಕ್ಕೆ ಬಂದೆವು. ಹಾಲನ್ನು ಬತ್ತಿಸಿ ಖವಾ ಮಾಡಿದ ಮೇಲೆ ಎಷ್ಟು ನೀರು ಸುರಿದರೂ ಅದು ಮತ್ತೆ ಹಾಲಾಗುವದಿಲ್ಲ. ಅಡಕವೂ ಹಾಗೆಯೇ, ಬಿಟ್ಟ ವಿವರವು ಬಿಟ್ಟಂತೆಯೇ. ಆದರೆ ಸ್ಟುಡಿಯೋದಲ್ಲಿ ಬಹುಸಾರಿ ನಡೆಯುವ ಕ್ರಮವೇನಂದರೆ, ಮಿಕ್ಸಿಂಗು ಮುಗಿದ ಕೂಡಲೇ ಚಿತ್ರವನ್ನು ಒಂದು ಸಣ್ಣ ಫೈಲಾಗಿ ಅದುಮುವರು. ಆ ಫೈಲನ್ನು ಡಿ.ವಿ.ಡಿ. ಮಾಡುವ ಬೇರೆ ಪ್ರೋಗ್ರಾಮಿಗೆ ಕೊಡುವರು. ಅದು ತನ್ನ ರೂಢಿಯಂತೆ ಮತ್ತೊಮ್ಮೆ ಅದುಮುವದು. ಮೊದಲ ಅಡಕದ ಚೌಕದ ಕಲೆಗಳನ್ನೂ ಎರಡನೆಯ ಯಂತ್ರವು ಚಿತ್ರದ ಭಾಗವೆಂದೇ ನಂಬಿ, ಅವುಗಳನ್ನು ಕಾಪಾಡುವದಕ್ಕಾಗಿ ಬಿಟ್ಟುಗಳನ್ನು ಸುರಿಯುವದು! ಆದಕಾರಣ ಸ್ಟುಡಿಯೋದವರಿಗೆ ಹೇಳಬೇಕಾದ ಮಾತು ಇದು: ಕೊನೆಯ ಹಂತದ ವರೆಗೆ ಚಿತ್ರವು ಕ್ಯಾಮರಾದಿಂದ ಬಂದ ರೂಪದಲ್ಲಿಯೇ ಇರಲಿ, ಅಥವಾ ಅತಿ ಕಡಿಮೆ ಅಡಕದಲ್ಲಿರಲಿ, ಡಿ.ವಿ.ಡಿ.ಯ ಅಳತೆಗೆ ತಕ್ಕ ಎಂಪೆಗ್-೨ ಅಡಕವು ಒಂದೇ ಸಾರಿ, ಕಡೆಯಲ್ಲಿ ಆಗಲಿ; ತಟ್ಟೆ ಮಾಡುವ ಪ್ರೋಗ್ರಾಮು ಅದನ್ನು ಮುಟ್ಟದೆ ಹಾಗೆಯೇ ಬರೆಯಲಿ. ಇದಕ್ಕೆ ಕಂಪ್ಯೂಟರಿನಲ್ಲಿ ಸ್ಥಳ ಬೇಕೆಂಬುದು ನಿಜ. ೧೯೯೫ರಲ್ಲಿ ಬಂದ ಮಿನಿ ಡಿ.ವಿ. ಕ್ಯಾಸೆಟ್ಟಿನ ಚಿತ್ರವೊಂದು ತಾಸಿಗೆ ಸುಮಾರು ೧೩ ಗಿಗಾಬೈಟು ಹಿಡಿಯುವದು. ಆದರೆ ಈಗಿನ ಹಾರ್ಡ್ ಡಿಸ್ಕುಗಳಿಗೆ ಅದು ಭಾರವೇ ಅಲ್ಲ.

ಹಳೆಯ ವಿ.ಎಚ್.ಎಸ್. ಕ್ಯಾಸೆಟ್ಟು ಉಳ್ಳವರಿಗೆ ಇದೇ ಮಾತು ಇನ್ನೂ ಹೆಚ್ಚಾಗಿ ಸಲ್ಲುವದು. ೧೯೭೬ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಕ್ಯಾಸೆಟ್ಟು ಅಂಕಿಗಳ ಪುಸ್ತಕವಲ್ಲ. ಅದರಿಂದ ಪ್ರತಿ ಮಾಡಿದಾಗಲೆಲ್ಲ ಚಿತ್ರವು ಒಂದು ಪೀಳಿಗೆ ಸವೆಯುವದು. ಬೀಗರ ಮನೆಯಲ್ಲಿರುವದು ಪ್ರತಿಯ ಪ್ರತಿಯಾಗಿರಬಹುದು, ನಿಮ್ಮ ಮನೆಯದು ಮೊದಲನೆಯದಾಗಿರಬಹುದು. ವಿಚಾರಿಸಿ ಮೊದಲನೆಯದರಿಂದಲೇ ಇಳಿಸಬೇಕು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿಯ ಬೂಷ್ಟು ಕಂಡರೆ ಅದನ್ನು ಯಂತ್ರದಲ್ಲಿ ಹಾಕಲೇಕೂಡದು. ಬಲ್ಲವರಿಂದ ಸ್ವಚ್ಛ ಮಾಡಿಸಿದ ಮೇಲೆಯೇ ಹಾಕಬೇಕು. ಹಳೆಯ ಟೇಪಿನ ಮೇಲೆ ಆಡುವ ಮಂಜಿನಂಥ ಚುಕ್ಕಿಗಳು ಒಂದು ಕ್ಷಣವೂ ಸುಮ್ಮನಿರುವದಿಲ್ಲವಾದುದರಿಂದ, ಯಂತ್ರಕ್ಕೆ ಅವು ಅಕ್ಷತೆಯ ಕಾಳುಗಳಂತೆಯೇ ಕಾಣುವವು. ಆದುದರಿಂದ ಮಸುಕಾದ ಚಿತ್ರಕ್ಕೆ ಕಡಿಮೆ ಬಿಟ್ಟು ಸಾಕೆಂಬ ಎಣಿಕೆ ಸರಿಯಲ್ಲ.

ಮಧ್ಯಕಾಲದ ವಿ.ಸಿ.ಡಿ.ಗಳ ಸಂಗತಿ ಸ್ವಲ್ಪ ಶೋಚನೀಯವೇ. ಅವುಗಳಲ್ಲಿ ಚಿತ್ರಕ್ಕೆ ೩೫೨ಕ್ಕೆ ೨೮೮ ಚುಕ್ಕಿ, ಅಂದರೆ ಡಿ.ವಿ.ಡಿ.ಯ ಕಾಲುಭಾಗ, ಸೆಕೆಂಡಿಗೆ ೧೧ ಲಕ್ಷ ೫೦ ಸಾವಿರ ಬಿಟ್ಟು. ಅದರಿಂದ ಡಿ.ವಿ.ಡಿ. ಮಾಡಿಸಿದರೆ ಕಾಂತಿ ಬರುವದೆಂದು ಹಣ ಕೊಡುವವರುಂಟು. ಬರುವದಿಲ್ಲ. ಮೂಲ ಕ್ಯಾಸೆಟ್ಟು ಇಲ್ಲವಾದರೆ ಆ ವಿ.ಸಿ.ಡಿ.ಯ ಫೈಲುಗಳನ್ನು ಇದ್ದಂತೆಯೇ ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳುವದೇ ಸರಿ. ಆಗ ಇದ್ದುದಾದರೂ ಸವೆಯದೆ ಉಳಿಯುವದು.

ಹಳೆಯ ಕ್ಯಾಮರಾಗಳ ಚಿತ್ರದಲ್ಲಿ ಮತ್ತೊಂದು ಗುಟ್ಟು ಅಡಗಿದೆ. ಅವು ಒಂದು ಚಿತ್ರವನ್ನು ಒಮ್ಮೆಲೇ ಹಿಡಿಯದೆ, ಮೊದಲು ಒಂದು ಬಿಟ್ಟು ಒಂದರಂತೆ ಅರ್ಧ ಗೆರೆಗಳನ್ನೂ, ಐವತ್ತರಲ್ಲೊಂದು ಸೆಕೆಂಡಿನ ಬಳಿಕ ಉಳಿದ ಅರ್ಧ ಗೆರೆಗಳನ್ನೂ ಹಿಡಿಯುವವು. ಲೇಜೀಮಿನಲ್ಲಿ ಒಂದನೆಯ ಸಾಲು ಹೆಜ್ಜೆಯಿಟ್ಟ ಮೇಲೆ ಎರಡನೆಯ ಸಾಲು ಇಡಬೇಕಷ್ಟೆ. ಕ್ರಮವು ತಿರುವು ಮುರುವಾದರೆ ಇಡೀ ಆಟ ಕೆಡುವಂತೆ, ತಟ್ಟೆಗೆ ಇಳಿಸುವಾಗ ಈ ಗೆರೆಗಳ ಸರದಿ ತಪ್ಪಿದರೆ ಚಲಿಸುವದೆಲ್ಲ ನಡುಗುವದು. ಸುಮ್ಮನೆ ನಿಂತವರು ಮಾತ್ರ ಸರಿಯಾಗಿ ಕಾಣುವರು. ಮಿನಿ ಡಿ.ವಿ. ಕ್ಯಾಮರಾಗಳಲ್ಲಿ ಕೆಳಗಿನ ಸಾಲು ಮೊದಲು. ಬೇರೆ ಅನೇಕ ಯಂತ್ರಗಳಲ್ಲಿ ಮೇಲಿನದು ಮೊದಲು. ಮೂಲದಲ್ಲಿ ಯಾವದಿತ್ತೋ ಅದೇ ಕಡೆಯ ವರೆಗೂ ಇರಬೇಕು. ಈ ದೋಷವು ಕಂಪ್ಯೂಟರಿನ ಪರದೆಯ ಮೇಲೆ ಸುಲಭವಾಗಿ ತಿಳಿಯದು. ಆದಕಾರಣ ಮೊದಲ ತಟ್ಟೆಯನ್ನು ಮನೆಯ ಟಿ.ವಿ.ಯಲ್ಲಿ ಹಾಕಿ, ಯಾರಾದರೂ ಬೇಗನೆ ಅಡ್ಡ ಹಾಯುವ ದೃಶ್ಯವನ್ನು ನೋಡಿ, ಆ ಮೇಲೆಯೇ ಉಳಿದ ಪ್ರತಿಗಳಿಗೆ ಒಪ್ಪಿಗೆ ಕೊಡಿರಿ.

ಅಕ್ಷರಗಳ ವಿಷಯದಲ್ಲಿಯೂ ಎಚ್ಚರ ಬೇಕು. ಇಂಗ್ಲಿಷಿಗಾಗಿ ಮಾಡಿದ ಅಳತೆಯಲ್ಲಿ ಕನ್ನಡ ಹೆಸರುಗಳನ್ನು ಬರೆದರೆ ಒತ್ತಕ್ಷರಗಳು ಕೆಡುವವು. ಹುಡುಗಿಯ ಹೆಸರು ಲಕ್ಷ್ಮೀ ಎಂದಿದ್ದರೆ ಕೆಳಗಿನ ಷಕಾರ ಮಕಾರಗಳ ಸಣ್ಣ ಗೆರೆಗಳು ಟಿ.ವಿ.ಯಲ್ಲಿ ಮಿಣುಕಿ ಮಾಯವಾಗುವವು. ಅಕ್ಷರಗಳು ದಪ್ಪವಾಗಿರಲಿ, ದೊಡ್ಡದಾಗಿರಲಿ, ಅಂಚಿನಿಂದ ಒಳಗೆ ಸರಿದಿರಲಿ, ಹಳೆಯ ಟಿ.ವಿ.ಗಳು ಸುತ್ತಲ ಅಂಚನ್ನು ಸ್ವಲ್ಪ ನುಂಗುವವು.

ಈಚೆಗೆ ಸಮಾರಂಭಗಳನ್ನು ಬಹುಮಂದಿ ಮೊಬೈಲಿನಲ್ಲಿಯೇ ತೆಗೆಯುವರು. ಅದರ ಚಿತ್ರದಲ್ಲಿ ಸಾಮಾನ್ಯವಾಗಿ ೧೯೨೦ಕ್ಕೆ ೧೦೮೦ ಚುಕ್ಕಿಗಳು, ಅಂದರೆ ಡಿ.ವಿ.ಡಿ.ಯ ಐದು ಪಟ್ಟು. ಅದನ್ನು ಡಿ.ವಿ.ಡಿ. ಮಾಡಿದರೆ ಐದರಲ್ಲಿ ನಾಲ್ಕು ಪಾಲು ಬಿಟ್ಟುಕೊಟ್ಟಂತೆ. ಹಳೆಯ ಯಂತ್ರದಲ್ಲಿ ನೋಡುವ ಅಜ್ಜ ಅಜ್ಜಿಯರಿಗಾಗಿ ಒಂದು ಡಿ.ವಿ.ಡಿ. ಮಾಡಿಸಿರಿ, ಆದರೆ ಇಟ್ಟುಕೊಳ್ಳುವದಕ್ಕೆ ಅದಲ್ಲ. ಅದೇ ೪.೭ ಗಿಗಾಬೈಟಿನ ತಟ್ಟೆಯಲ್ಲಿ ಸಿನಿಮಾ ತಟ್ಟೆಯಂತೆ ಬರೆಯದೆ ಬರಿಯ ಫೈಲಾಗಿ ಬರೆದರೆ, ಎಚ್.೨೬೪ ಎಂಬ ಹೊಸ ಅಡಕದಲ್ಲಿ ಸೆಕೆಂಡಿಗೆ ೮೦ ಲಕ್ಷ ಬಿಟ್ಟಿನಂತೆ, ಪೂರ್ಣ ಅಳತೆಯ ಚಿತ್ರವು ಒಂದೂಕಾಲು ತಾಸು ಹಿಡಿಯುವದು. ಅದನ್ನು ಕಂಪ್ಯೂಟರು ಓದುವದು, ಹಳೆಯ ಡಿ.ವಿ.ಡಿ. ಯಂತ್ರ ಓದಲಾರದು. ೨೫ ಗಿಗಾಬೈಟಿನ ಬ್ಲೂ-ರೇ ತಟ್ಟೆಯಾದರೆ ಇನ್ನೂ ವಿಶಾಲ. ಮತ್ತು ಒಂದು ಎಚ್ಚರಿಕೆ: ಪುಣೆ ಹೈದರಾಬಾದುಗಳಲ್ಲಿರುವ ಗೆಳತಿಯರಿಂದ ವಾಟ್ಸಾಪಿನಲ್ಲಿ ವೀಡಿಯೋವಾಗಿ ಬಂದ ಚಿತ್ರವು ದಾರಿಯಲ್ಲಿಯೇ ಅದುಮಲ್ಪಟ್ಟಿರುವದು. ಅದನ್ನು ಡಾಕ್ಯುಮೆಂಟಾಗಿ ಕಳುಹಿಸಿರೆಂದೋ, ಊರಿಗೆ ಬಂದಾಗ ಪೆನ್ ಡ್ರೈವಿನಲ್ಲಿ ತನ್ನಿರೆಂದೋ ಕೇಳಬೇಕು.

ದೊಡ್ಡ ಕೆಲಸಗಳಲ್ಲಿಯೂ ಇದೇ ನಿಯಮವು ನಡೆದಿದೆ. ಗಿರೀಶ ಕಾಸರವಳ್ಳಿಯವರ "ಘಟಶ್ರಾದ್ಧ" ಎಂಬ ಕಪ್ಪು-ಬಿಳುಪಿನ ಕನ್ನಡ ಚಿತ್ರವು ೧೯೭೭ರಲ್ಲಿ ತಯಾರಾಗಿ ರಾಷ್ಟ್ರದ ಸ್ವರ್ಣಕಮಲವನ್ನು ಪಡೆಯಿತು. ಅದನ್ನು ಪುನರುದ್ಧಾರ ಮಾಡಿ ೨೦೨೪ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇದಕ್ಕೆ ಆಧಾರವಾದುದು ಪೇಟೆಯಲ್ಲಿ ಸಿಕ್ಕುವ ಯಾವದೋ ತಟ್ಟೆಯಲ್ಲ; ಪುಣೆಯ ಚಲನಚಿತ್ರ ಭಂಡಾರದಲ್ಲಿ ಕಾದಿಟ್ಟ ಮೂಲ ನೆಗೆಟಿವು. ನಮ್ಮ ಮನೆಯ ಕ್ಯಾಸೆಟ್ಟೇ ನಮ್ಮ ನೆಗೆಟಿವು. ತಟ್ಟೆ ಮಾಡಿಸಿದ ಮೇಲೆ ಕ್ಯಾಸೆಟ್ಟನ್ನು ಎಸೆಯುವದಾಗಲಿ, ಸ್ಟುಡಿಯೋದವರು ಅದರ ಮೇಲೆ ಬೇರೊಬ್ಬರ ಲಗ್ನವನ್ನು ತೆಗೆಯುವದಕ್ಕೆ ಬಿಡುವದಾಗಲಿ ಕೂಡದು. ಹೊಸ ಕೆಲಸಗಳಲ್ಲಿ ಮುಂಗಡ ಕೊಡುವಾಗಲೇ, "ಮೂಲ ಫೈಲುಗಳೂ ನಮಗೆ ಬೇಕು" ಎಂದು ಮಾತಾಡಿಕೊಳ್ಳಿರಿ. ಕೆಲಸ ಮುಗಿದ ಮೇಲೆ ಕೇಳಿದರೆ ಅಳಿಸಿಬಿಟ್ಟಿರುವ ಸಂಭವವೇ ಹೆಚ್ಚು.

ಬರೆಯುವ ಕೆಲಸದ ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ೧೬ರ ವೇಗವೆಂದು ಮುದ್ರಿಸಿದ ತಟ್ಟೆಯನ್ನು ೪ ಅಥವಾ ೮ರ ವೇಗದಲ್ಲಿ ಬರೆಸಿರಿ. ಬರೆದ ಮೇಲೆ ಮೂಲದೊಡನೆ ಸರಿನೋಡುವ ಸೌಕರ್ಯವು ಪ್ರೋಗ್ರಾಮಿನಲ್ಲಿರುವದು, ಅದನ್ನು ಬಿಡಗೊಡಬೇಡಿರಿ. ವಧೂವರರ ಫೋಟೋವುಳ್ಳ ಅಂಟುಚೀಟಿಯನ್ನು ತಟ್ಟೆಯ ಮೇಲೆ ಅಂಟಿಸುವದು ಚಂದ ಕಂಡರೂ, ಅದು ಬಿಸಿಗೆ ಸೊಟ್ಟಾಗಿ ತಟ್ಟೆಯ ತೂಕವನ್ನು ತಪ್ಪಿಸುವದು. ಮನೆಯಲ್ಲಿ ಬರೆಯುವ ತಟ್ಟೆಯೊಳಗೆ ಇರುವದು ಒಂದು ಬಗೆಯ ಬಣ್ಣದ ಪದರ. ಬಿಸಿಲಿಗೂ ಕಾವಿಗೂ ಅದು ಮಾಸುವದು. ನಮ್ಮ ಕಡೆಯ ವೈಶಾಖದ ಬಿಸಿಲಿನಲ್ಲಿ ಪತ್ರಾಸಿನ ಮಾಡಿನ ಕೆಳಗೆ ಟಿ.ವಿ.ಯ ಮೇಲಿಟ್ಟ ತಟ್ಟೆಯು ಬಹುಕಾಲ ಬಾಳದು. ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಒಳಕೋಣೆಯ ಕತ್ತಲೆಯ ಕಪಾಟಿನಲ್ಲಿ ಇಡಬೇಕು.

ಆದರೂ ತಟ್ಟೆಯೊಂದನ್ನೇ ನಂಬುವ ಕಾಲವು ಕಳೆಯಿತು. ಜಪಾನಿನ ಫುನಾಯಿ ಕಂಪನಿಯು ೨೦೧೬ರ ಜುಲೈ ತಿಂಗಳಲ್ಲಿ ವಿ.ಸಿ.ಆರ್. ಯಂತ್ರಗಳನ್ನು ಮಾಡುವದನ್ನು ನಿಲ್ಲಿಸಿತು. ಸೋನಿ ಕಂಪನಿಯು ೨೦೨೫ರ ಫೆಬ್ರುವರಿಯಲ್ಲಿ ಬರೆಯುವ ಬ್ಲೂ-ರೇ ತಟ್ಟೆಗಳನ್ನೂ ಮಿನಿ ಡಿ.ವಿ. ಕ್ಯಾಸೆಟ್ಟುಗಳನ್ನೂ ಮಾಡುವದನ್ನು ಕೊನೆಗಾಣಿಸಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಹಾಕುವ ಬಾಯಿಯೇ ಕಾಣುವದಿಲ್ಲ. ಹಾಗಾದರೆ ಮೂಲ ಫೈಲುಗಳು ಎರಡು ಹಾರ್ಡ್ ಡಿಸ್ಕುಗಳಲ್ಲಿರಲಿ, ಒಂದು ನಿಮ್ಮಲ್ಲಿ, ಇನ್ನೊಂದು ಬೇರೆ ಊರಿನ ಮಗಳ ಮನೆಯಲ್ಲಿ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ನೋಡುವದು ಅವಶ್ಯ. ಕ್ಯಾಸೆಟ್ಟಿರುವವರು ಯಂತ್ರ ದುರಸ್ತಿ ಮಾಡುವವರು ಬೀದರಿನಲ್ಲಿಯೋ ಉದಗೀರದಲ್ಲಿಯೋ ಇನ್ನೂ ಸಿಕ್ಕುವಾಗಲೇ ಇಳಿಸಿಕೊಳ್ಳತಕ್ಕದ್ದು.

ಕಡೆಯದಾಗಿ, ಡಬ್ಬಿಯ ಒಳಗೆ ಒಂದು ಕಾಗದವನ್ನಿಡಿರಿ. ಯಾವ ಸಮಾರಂಭ, ಯಾವ ದಿನ, ಯಾವ ಊರು, ಯಾವ ಕ್ಯಾಸೆಟ್ಟಿನಿಂದ ಇಳಿಸಿದ್ದು, ಮತ್ತು ಮುಂದಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಕುಳಿತವರು ಯಾರು ಯಾರು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಆ ಹೆಸರುಗಳನ್ನು ಯಾವ ಯಂತ್ರವೂ ಚಿತ್ರದಿಂದ ಓದಿ ಹೇಳಲಾರದು. ಹೇಳಬಲ್ಲ ಅಜ್ಜಿಯರು ಕುಶನೂರಿನಲ್ಲಿ ಈಗ ಕೆಲವರೇ ಇದ್ದಾರೆ.